ಕೊಂಡಪ್ಪನ ಬರಿ ಹೆಗಲು

ನಮ್ಮ ಊರಿನಲ್ಲಿ ಅರವತ್ತು ದಾಟಿದ ಗಂಡಸಿನ ಹೆಗಲ ಮೇಲೆ ಟವಲ್ ಇಲ್ಲ ಎಂದರೆ ಒಂದೋ ಅವನು ಸ್ನಾನಕ್ಕೆ ಹೋಗಿರಬೇಕು, ಇಲ್ಲವೇ ಆಸ್ಪತ್ರೆಯಲ್ಲಿ ಮಲಗಿರಬೇಕು. ಕೊಂಡಪ್ಪನದು ಎರಡೂ ಅಲ್ಲ. ಗಟ್ಟಿಮುಟ್ಟಾಗಿದ್ದಾನೆ, ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕುತ್ತಾನೆ, ಆದರೆ ಹೆಗಲು ಮಾತ್ರ ಬರಿದು. ಬೆವರಿದಾಗ ಅವನ ಬಲಗೈ ರೂಢಿಯಂತೆ ಎಡ ಹೆಗಲಿಗೆ ಹೊರಡುತ್ತದೆ, ಅರ್ಧ ದಾರಿಯಲ್ಲಿ ನೆನಪಾಗಿ ನಿಲ್ಲುತ್ತದೆ. ಆಮೇಲೆ ಅಂಗಿಯ ಚುಂಗು ಎತ್ತಿ ಮುಖ ಒರೆಸಿಕೊಳ್ಳುತ್ತಾನೆ.

ನಾನು ಈ ಊರಿನ ಹಾಲಿನ ಡೈರಿಯ ಕಾರ್ಯದರ್ಶಿ. ಎದುರಿಗೆ ಅವನನ್ನು ಕೊಂಡಪ್ಪಣ್ಣ ಅನ್ನುತ್ತೇನೆ. ಬರೆಯುವಾಗ ಕೊಂಡಪ್ಪ ಎಂದರೆ ಸಾಕು, ಅವನೇನೂ ತಪ್ಪು ತಿಳಿಯುವವನಲ್ಲ. ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡ ಊರು ನಮ್ಮದು. ಇಲ್ಲಿ ಯಾರ ಮನೆಯ ಗುಟ್ಟೂ ಡೈರಿಯ ಸಾಲಿನಲ್ಲಿ ಒಂದು ವಾರ ಬಾಳುವುದಿಲ್ಲ. ಅಂಥ ಸಾಲಿನಲ್ಲಿ ನಿಂತು ಆ ಬರಿ ಹೆಗಲಿನ ಬಗ್ಗೆ ಮೊದಮೊದಲು ಕೇಳಿದ್ದರೆ ಒಂದೇ ಉಸಿರಿಗೆ ಹೇಳಿ ನಗುತ್ತಿದ್ದರು. ಬಾಕ್ಸಿಂಗ್ ಚಾಂಪಿಯನ್ ನರೇಶ ಇವನ ಮಗ. ಮಗ ಗೆಲ್ಲುತ್ತಿದ್ದ ಆಟದಲ್ಲಿ ಅಪ್ಪ ಖುಷಿ ತಡೆಯಲಾರದೆ ಟವಲ್ ತೂರಿದ. ಟವಲ್ ಒಳಗೆ ಬಿದ್ದರೆ ಸೋಲು ಒಪ್ಪಿಕೊಂಡಂತೆ ಎಂಬುದು ಈ ಹಳ್ಳಿಮುಕ್ಕನಿಗೆ ಗೊತ್ತಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಂದಿನಿಂದ ಅವನು ಟವಲ್ ಕೊಂಡಪ್ಪ.

ಈ ಕಥೆ ಸುಳ್ಳು. ಸುಳ್ಳು ಎಂದು ಅಂದೇ ಗೊತ್ತಿದ್ದವರು ಮೂವರು, ಮೂವರೂ ಬಾಯಿ ಬಿಡಲಿಲ್ಲ.

ಕೊಂಡಪ್ಪ ದನದ ದಳ್ಳಾಳಿಯಾಗಿದ್ದವನು. ಈಗಿನ ಹುಡುಗರಿಗೆ ಆ ಕಸುಬೇ ಗೊತ್ತಿಲ್ಲ. ಸಂತೆಯಲ್ಲಿ ಎತ್ತು ಕೊಳ್ಳುವವನಾಗಲಿ ಮಾರುವವನಾಗಲಿ ಬಾಯಿಬಿಟ್ಟು ಬೆಲೆ ಹೇಳುತ್ತಿರಲಿಲ್ಲ. ದಳ್ಳಾಳಿ ತನ್ನ ಟವಲಿನ ಅಡಿಯಲ್ಲಿ ಒಬ್ಬೊಬ್ಬರ ಕೈ ಹಿಡಿದು, ಬೆರಳು ಒತ್ತಿ ಬೆಲೆ ಕೇಳುತ್ತಿದ್ದ, ಬೆರಳು ಒತ್ತಿ ತಿಳಿಸುತ್ತಿದ್ದ. ಸುತ್ತ ನಿಂತವರಿಗೆ ಕಾಣುತ್ತಿದ್ದದ್ದು ಮುಖ ಮಾತ್ರ. ಎತ್ತಿಗೆ ಏನು ಊನ, ಮಾರುವವನಿಗೆ ಏನು ಕಷ್ಟ, ಎಲ್ಲ ಆ ಬಟ್ಟೆಯ ಕೆಳಗೇ ಮುಗಿಯುತ್ತಿತ್ತು. ವ್ಯಾಪಾರ ಮುರಿದರೂ ನಾಲ್ಕು ಜನರ ಮುಂದೆ ಯಾರಿಗೂ ಅವಮಾನವಿಲ್ಲ. ‘ಟವಲ್ ಅಡಿ ಆಡಿದ್ ಮಾತು ಟವಲ್ ಅಡೀಲೇ ಇರ್ಬೇಕು’ ಎಂಬುದು ಅವನ ಬಾಯಿಪಾಠ. ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರ್ ಬಂದ ಮೇಲೆ ಆ ವ್ಯಾಪಾರ ನಿಂತಿತು. ಕೊಂಡಪ್ಪ ಎರಡು ಸೀಮೆಹಸು ಕಟ್ಟಿಕೊಂಡ. ಟವಲ್ ಮಾತ್ರ ಹೆಗಲಿನಲ್ಲೇ ಉಳಿಯಿತು.

ಒಬ್ಬನೇ ಮಗ ನರೇಶ. ಹೈಸ್ಕೂಲಿನಲ್ಲಿ ಯಾರ ಜೊತೆಗಾದರೂ ಗುದ್ದಾಡಿಕೊಂಡು ಬರುತ್ತಿದ್ದ ಅವನನ್ನು ಡ್ರಿಲ್ ಮೇಷ್ಟ್ರು ಬೈಯುವ ಬದಲು ದೊಡ್ಡಬಳ್ಳಾಪುರದ ಮುನೀಂದ್ರನ ಕೈಗೆ ಒಪ್ಪಿಸಿದರು. ಮುನೀಂದ್ರ ಒಂದು ಕಾಲದಲ್ಲಿ ತಾನೂ ಬಾಕ್ಸಿಂಗ್ ಆಡಿದವನು, ಆಗ ಒಂದು ಷೆಡ್ಡಿನಲ್ಲಿ ಹುಡುಗರಿಗೆ ಹೇಳಿಕೊಡುತ್ತಿದ್ದ. ನರೇಶನ ತಾಯಿ ಪಾಪಮ್ಮ ನಾಟಿಕೋಳಿ ಸಾಕಿ, ಮೊಟ್ಟೆ ಒಂದನ್ನೂ ಮಾರದೆ ಮಗನಿಗೆ ತಿನ್ನಿಸಿ ಬೆಳೆಸಿದಳು. ಮಗನ ಪಂದ್ಯ ಎಲ್ಲೇ ಇರಲಿ ಹೋಗುತ್ತಿದ್ದಳು, ಆದರೆ ಒಂದನ್ನೂ ಕಣ್ಣಾರೆ ನೋಡಲಿಲ್ಲ. ಹೊರಗೆ ಮೆಟ್ಟಿಲ ಮೇಲೋ ಮರದ ಕೆಳಗೋ ಸೆರಗು ಬಾಯಿಗಿಟ್ಟುಕೊಂಡು ಕೂತಿರುತ್ತಿದ್ದಳು. ಹೊಡೆತ ತಿನ್ನುವುದನ್ನು ನೋಡಲೆಂದೇನು ನಾನು ಹೆತ್ತದ್ದು ಎನ್ನುವಳು. ನರೇಶ ಒಳಗೆ ಕಾಲಿಡುವ ಮೊದಲು ಪ್ರತಿ ಸಲವೂ ಅಪ್ಪನನ್ನು ಕೇಳುತ್ತಿದ್ದ, ‘ಅಮ್ಮ ಬಂದವ್ಳಾ?’ ಹೊರಗೆ ಕೂತಿದ್ದಾಳೆ ಎಂದರೆ ಸಾಕು, ಹೋಗಿ ಗೆದ್ದು ಬರುತ್ತಿದ್ದ.

ಗೆದ್ದದ್ದೂ ಸಣ್ಣದಲ್ಲ. ರಾಜ್ಯದ ಚಾಂಪಿಯನ್, ಆಮೇಲೆ ದೇಶದ ಚಾಂಪಿಯನ್. ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಆಟದ ಕೋಟಾದಲ್ಲಿ ಕೆಲಸ ಸಿಕ್ಕಿತು. ದೊಡ್ಡಬಳ್ಳಾಪುರದಲ್ಲಿ ಮನೆ ಮಾಡಿದ, ರಂಜಿತ ಎಂಬ ಒಳ್ಳೆಯ ಹುಡುಗಿಯನ್ನು ಮದುವೆಯಾದ. ಅಲ್ಲಿನ ಡಿ ಕ್ರಾಸ್ ಸರ್ಕಲ್ಲಿನಲ್ಲಿ ಅವನ ಫ್ಲೆಕ್ಸ್ ಬಿದ್ದಾಗ ಡೈರಿಯ ಸಾಲಿನಲ್ಲಿದ್ದವರೆಲ್ಲ ಅವನನ್ನು ತಾವೇ ಹೆತ್ತವರಂತೆ ಆಡಿದರು. ಅಷ್ಟರಲ್ಲಿ ಒಂದು ಮಳೆಗಾಲ ಪಾಪಮ್ಮ ಎದೆನೋವು ಎಂದು ಮಲಗಿದವಳು ಏಳಲಿಲ್ಲ.

ಆಮೇಲೂ ನರೇಶ ಗೆದ್ದ. ಸ್ವಲ್ಪ ಸೋತ. ಮತ್ತೆ ಗೆದ್ದ. ಆಮೇಲೆ ಸೋಲುವುದೇ ಹೆಚ್ಚಾಯಿತು. ಮೂವತ್ತೈದು ದಾಟಿತು. ಅವನ ಜೊತೆಯವರೆಲ್ಲ ಕೈಗವಸು ಮೊಳೆಗೆ ತಗುಲಿಹಾಕಿ ಹೊಟ್ಟೆ ಬೆಳೆಸಿಕೊಂಡು ಸುಖವಾಗಿದ್ದರು. ಇವನು ಬಿಡಲಿಲ್ಲ. ಬಿಡಬೇಕೋ ಬೇಡವೋ ಎಂಬ ಚರ್ಚೆ ಡೈರಿಯಲ್ಲಿ ದಿನಾ ನಡೆಯುತ್ತಿತ್ತು. ಇನ್ನೂ ಒಂದು ಪಂದ್ಯಕ್ಕೆ ಮೋಸವಿಲ್ಲ ಅನ್ನುವವರೇ ಹೆಚ್ಚು. ಹೊಡೆತ ತಿನ್ನುವವನು ತಾನಲ್ಲದಾಗ ಇನ್ನೊಂದು ಪಂದ್ಯ ಬಹಳ ಸುಲಭ. ನನಗೆ ಅನ್ನಿಸುತ್ತಿದ್ದದ್ದೇ ಬೇರೆ. ಕಾರ್ಖಾನೆಯಲ್ಲಿ ಅವನು ಸ್ಟೋರಿನ ಗುಮಾಸ್ತ, ಅಲ್ಲಿ ಅವನನ್ನು ಯಾರೂ ತಿರುಗಿ ನೋಡುವುದಿಲ್ಲ. ಊರಿಗೆ ಬಂದರೆ ಹುಡುಗರು ಕಾಲು ಮುಟ್ಟುತ್ತಾರೆ. ಯಾವುದನ್ನು ಬಿಡುತ್ತೀಯ ಎಂದರೆ ಯಾರು ತಾನೇ ಎರಡನೆಯದನ್ನು ಬಿಟ್ಟಾರು?

ಒಂದು ನವೆಂಬರಿನಲ್ಲಿ ರಾಜ್ಯೋತ್ಸವದ ಲೆಕ್ಕದಲ್ಲಿ ಮುನೀಂದ್ರ ದೊಡ್ಡಬಳ್ಳಾಪುರದ ಮೈದಾನದಲ್ಲಿ ಪ್ರದರ್ಶನ ಪಂದ್ಯ ಇಟ್ಟ. ನರೇಶನ ಎದುರಾಳಿ ನೆಲಮಂಗಲದ ಮಂಜೇಶ್, ಇಪ್ಪತ್ತು ದಾಟಿದ ಹುಡುಗ, ಹೊಸದಾಗಿ ಹೆಸರು ಮಾಡುತ್ತಿದ್ದವನು. ನರೇಶನ ತಂದೆಗೆ ಗೌರವ ಎಂದು ಕೊಂಡಪ್ಪನನ್ನು ಮಗನ ಮೂಲೆಯಲ್ಲೇ ಮುನೀಂದ್ರನ ಪಕ್ಕ ಕೂರಿಸಿದರು. ನೀರಿನ ಬಾಟಲಿ, ಸ್ಟೂಲು, ಟವಲು ಅವನ ಜವಾಬ್ದಾರಿ. ಹೊಸ ಟವಲ್ ಯಾಕೆ, ನನ್ನದೇ ಇದೆಯಲ್ಲ ಎಂದು ಕೊಂಡಪ್ಪ ಹೆಗಲ ಮೇಲಿನದನ್ನೇ ಕೈಗೆ ತೆಗೆದುಕೊಂಡ.

ನಾನೂ ಹೋಗಿದ್ದೆ, ಮುಂದಿನ ಸಾಲಿನಲ್ಲಿದ್ದೆ. ಮೊದಲ ಸುತ್ತು ನರೇಶ ಚೆನ್ನಾಗಿಯೇ ಆಡಿದ. ಎರಡನೆಯದರಲ್ಲಿ ಮಂಜೇಶನ ಎಡಗೈ ಮತ್ತೆ ಮತ್ತೆ ಇವನ ಮುಖ ಮುಟ್ಟಿತು. ನರೇಶನಿಗೆ ಅದು ಬರುವುದು ಕಾಣುತ್ತಿತ್ತು, ಕೈ ಮಾತ್ರ ಏಳುತ್ತಿರಲಿಲ್ಲ. ಜನ ಅದನ್ನೂ ಅವನ ಉಪಾಯ ಎಂದುಕೊಂಡು ಶಿಳ್ಳೆ ಹಾಕಿದರು. ಗಂಟೆ ಬಾರಿಸಿದ ಮೇಲೆ ಬಂದು ಸ್ಟೂಲಿನ ಮೇಲೆ ಕೂತ. ಮುನೀಂದ್ರ ಆ ಕಡೆ ರೆಫರಿಯ ಜೊತೆ ಏನೋ ಮಾತಾಡುತ್ತಿದ್ದ. ಕೊಂಡಪ್ಪ ನೀರು ಕುಡಿಸಿದ. ನರೇಶ ಅಪ್ಪನ ಕಿವಿಯ ಹತ್ತಿರ ಏನೋ ಹೇಳಿದ. ಕೊಂಡಪ್ಪನ ಮುಖ ಸುಣ್ಣ ಬಳಿದಂತಾದದ್ದನ್ನು ನಾನು ನೋಡಿದೆ, ಅರ್ಥವಾಗಲಿಲ್ಲ. ಮೂರನೇ ಸುತ್ತಿನ ಗಂಟೆ ಹೊಡೆಯಿತು, ನರೇಶ ಎದ್ದು ಎರಡು ಹೆಜ್ಜೆ ಹೋದ. ಅಷ್ಟರಲ್ಲಿ ಕೊಂಡಪ್ಪನ ಟವಲ್ ಹಗ್ಗದ ಮೇಲಿಂದ ಹಾರಿ ಇಬ್ಬರ ನಡುವೆ ಬಿತ್ತು.

ರೆಫರಿ ಆಟ ನಿಲ್ಲಿಸಿದ. ಮಂಜೇಶನ ಕೈ ಎತ್ತಿದ. ಮೈದಾನದಲ್ಲಿ ಗದ್ದಲವೆದ್ದಿತು. ನರೇಶ ಒಂದು ಗಳಿಗೆ ಟವಲನ್ನೇ ನೋಡುತ್ತ ನಿಂತಿದ್ದ. ಆಮೇಲೆ ಮುನೀಂದ್ರನ ಕೈಯಿಂದ ಮೈಕ್ ತೆಗೆದುಕೊಂಡ.

“ನಮ್ಮಪ್ಪಂಗೆ ಈ ಆಟ ಗೊತ್ತಿಲ್ಲ, ಬೇಜಾರ್ ಮಾಡ್ಕೋಬೇಡಿ. ಕುಸ್ತೀಲಿ ಖುಷಿಗೆ ತೂರಲ್ವಾ, ಹಂಗೆ ತೂರ್ಬುಟ್ಟವ್ನೆ. ಇನ್ನೊಂದ್ ಸಲ ಆಡಿ ತೋರಿಸ್ತೀನಿ.”

ಜನ ನಕ್ಕರು. ನಮ್ಮ ಕಡೆ ಕುಸ್ತಿಯಲ್ಲಿ ತಮ್ಮೂರ ಪೈಲ್ವಾನ ಗೆದ್ದರೆ ಟವಲ್ ಮೇಲಕ್ಕೆ ತೂರುವುದು ನಿಜವಾದ ರೂಢಿ, ಹಾಗಾಗಿ ಎಲ್ಲರೂ ನಂಬಿದರು. ಮುನೀಂದ್ರನೂ ನಕ್ಕ. ಕೊಂಡಪ್ಪ ತಲೆ ಬಗ್ಗಿಸಿ ಸ್ಟೂಲು ಎತ್ತಿಕೊಂಡು ಕೆಳಗಿಳಿದ. ಟವಲ್ ಅಲ್ಲೇ ಬಿದ್ದಿತ್ತು, ಎತ್ತಿಕೊಳ್ಳಲಿಲ್ಲ. ಅದಾದ ಮೇಲೆ ಇನ್ನೊಂದನ್ನು ಹೆಗಲಿಗೆ ಹಾಕಲೂ ಇಲ್ಲ.

ಯಾರೋ ಪುಣ್ಯಾತ್ಮ ಆ ಪಂದ್ಯದ ವಿಡಿಯೋಗೆ ತಮಾಷೆಯ ಸಂಗೀತ ಸೇರಿಸಿ ಹಂಚಿದ. ದಾಬಸ್‌ಪೇಟೆಯಲ್ಲಿ ಕೆಲಸ ಮಾಡುವ ನಮ್ಮೂರಿನ ಹುಡುಗರು ಅಲ್ಲಿ ನೋಡಿ ನಕ್ಕು, ಇಲ್ಲಿಗೆ ಬಂದು ಕೊಂಡಪ್ಪನಿಗೇ ತೋರಿಸಿ ಇನ್ನೊಮ್ಮೆ ನಕ್ಕರು. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು? ಡೈರಿಯ ಸಾಲಿನಲ್ಲಿ ಅವನು ಬಂದ ಕೂಡಲೇ ಯಾರಾದರೊಬ್ಬರು ತಮ್ಮ ಟವಲ್ ಮೇಲಕ್ಕೆ ತೂರಿ ಹಿಡಿಯುವುದು ಒಂದು ಆಟವಾಯಿತು. ಅವನು ಸಿಟ್ಟಾಗಲಿಲ್ಲ, ‘ಹೂಂ ಕಣಪ್ಪ, ಗೊತ್ತಾಗ್ನಿಲ್ಲ’ ಎಂದು ನಾಚಿಕೊಂಡು ಹಾಲಿನ ಕ್ಯಾನು ಮುಂದೆ ಸರಿಸುತ್ತಿದ್ದ. ನಾಚಿಕೆ ನಿಜವಾದದ್ದೇ. ಆದರೆ ಅದು ಯಾವುದಕ್ಕೆ ಎಂಬುದು ನಮಗೆ ಗೊತ್ತಿರಲಿಲ್ಲ.

ಯುಗಾದಿ ಹತ್ತಿರ ಬಂದಾಗ ಒಂದು ಸಂಜೆ ರಂಜಿತ ಡೈರಿಯ ಬಳಿಗೇ ಬಂದಳು. ಮನೆಗೆ ಹೋಗಿದ್ದಳಂತೆ, ಮಾವ ಇರಲಿಲ್ಲವಂತೆ. ಸಾಲು ಕರಗಿತ್ತು. ಕೊಂಡಪ್ಪ ಕ್ಯಾನು ತೊಳೆಯುತ್ತಿದ್ದ. ನಾನು ಒಳಗಿದ್ದೇನೆ ಎಂಬ ಸಂಕೋಚವನ್ನೂ ಬದಿಗಿಟ್ಟು ಅವಳು ಹೇಳಿದಳು. ನರೇಶ ಇತ್ತೀಚೆಗೆ ಕಂಪನಿ ಬಸ್ಸಿನಲ್ಲಿ ತನ್ನ ನಿಲ್ದಾಣ ದಾಟಿಸಿಕೊಂಡು ಹೋಗುತ್ತಾನೆ, ಕಾಫಿಗೆ ಸಕ್ಕರೆ ಹಾಕಿ ಮತ್ತೆ ಹಾಕುತ್ತಾನೆ, ಲೋಟ ಹಿಡಿದ ಕೈ ನಡುಗುತ್ತದೆ, ಒಂದು ಷೂ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತುಬಿಡುತ್ತಾನೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಪಂದ್ಯ ಮುಗಿಯಲಿ ಎನ್ನುತ್ತಾನೆ. ಮುನೀಂದ್ರ ಮಂಜೇಶನ ಜೊತೆಗೇ ಮತ್ತೊಂದು ಪಂದ್ಯ ಗೊತ್ತುಮಾಡಿದ್ದಾನೆ.

“ಮಾವ, ಟವಲ್ ಬೀಳ್ದೆ ಇದ್ದಿದ್ರೆ ಗೆಲ್ತಿದ್ದೆ ಅಂತಾರೆ. ಅದೊಂದೇ ಮಾತು. ಅದು ತಪ್ಪಾಗಿ ಬಿತ್ತು ಅನ್ನೋದು ಇರೋವರ್ಗೂ ಅವ್ರು ಬಿಡಲ್ಲ.”

ಅವಳು ಹೋದ ಮೇಲೆ ಕೊಂಡಪ್ಪ ಕ್ಯಾನು ಬೋರಲು ಹಾಕಿ ಅದರ ಮೇಲೇ ಕೂತ. ನಾನು ಬೇಕೆಂದೇ ಬೀಗ ಹಾಕುವುದನ್ನು ತಡಮಾಡಿದೆ. ಕೊನೆಗೆ ಅವನೇ ಬಾಯಿಬಿಟ್ಟ.

“ಅಶೋಕ, ಅವತ್ತು ಸ್ಟೂಲ್ ಮೇಲ್ ಕೂತ್ಕಂಡು ಅವ್ನು ನನ್ನ ಕೇಳ್ದ, ಅಮ್ಮ ಬಂದವ್ಳಾ ಅಂತ.”

ಪಾಪಮ್ಮ ಸತ್ತು ಎಷ್ಟೋ ವರ್ಷವಾಗಿತ್ತು, ಚಿತೆಗೆ ಕೊಳ್ಳಿ ಇಟ್ಟವನು ಅದೇ ಮಗ. ಆ ದಿನ ಬೆಳಗ್ಗೆಯೇ ಮುನೀಂದ್ರ ಕೊಂಡಪ್ಪನಿಗೆ ಟವಲಿನ ವಿಷಯ ಬಿಡಿಸಿ ಹೇಳಿದ್ದನಂತೆ. ಒಳಗೆ ಬಿದ್ದರೆ ಆಟ ಮುಗಿದಂತೆ, ಕೈಯಲ್ಲಿ ಗಟ್ಟಿಯಾಗಿ ಹಿಡಿದಿರು ಎಂದು. ಇವನು ಗೊತ್ತಿದ್ದೇ ಎಸೆದ. ಮಗ ಮೈಕಿನಲ್ಲಿ ಅಪ್ಪನಿಗೆ ಗೊತ್ತಿಲ್ಲ ಎಂದಾಗ ಗೊತ್ತಿತ್ತು ಎಂದು ಹೇಳಬಹುದಿತ್ತು. ಹೇಳಿದ್ದರೆ ಯಾಕೆ ಎಸೆದೆ ಎಂದು ಕೇಳುತ್ತಿದ್ದರು. ಚಾಂಪಿಯನ್ನನಿಗೆ ತಲೆ ನಿಲ್ಲುತ್ತಿಲ್ಲ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು, ಕಾರ್ಖಾನೆಯವರೆಗೂ ಹೋಗುತ್ತಿತ್ತು. ಅದಕ್ಕಿಂತ ಅಪ್ಪ ಗಮಾರ ಎನ್ನಿಸಿಕೊಳ್ಳುವುದು ವಾಸಿ ಎಂದು ಸುಮ್ಮನಾದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇಲ್ಲಿ ಮಗ ಚಿನ್ನದಂಥವನು, ಅಪ್ಪನೇ ಹೆಗ್ಗಣವಾಗಲು ಒಪ್ಪಿಕೊಂಡಿದ್ದ.

ಈಗ ಆ ಮೌನವೇ ಮಗನನ್ನು ಮತ್ತೆ ಹಗ್ಗದೊಳಕ್ಕೆ ನೂಕುತ್ತಿತ್ತು. ಬಾಯಿ ಬಿಟ್ಟರೆ ಮಗನ ಮಾನ, ಬಿಡದಿದ್ದರೆ ಮಗನ ತಲೆ. ಅತ್ತ ದರಿ ಇತ್ತ ಪುಲಿ. ಜನರ ಮುಂದೆ ಯಾಕೆ, ಅವನೊಬ್ಬನಿಗೇ ಹೇಳಿ ನೋಡು ಎಂದೆ. ಮರುದಿನವೇ ದೊಡ್ಡಬಳ್ಳಾಪುರಕ್ಕೆ ಹೋಗಿ ಬಂದ. ಗೊತ್ತಿದ್ದೇ ಎಸೆದೆ ಕಣೋ ಎಂದು ಹೇಳಿದನಂತೆ. ನರೇಶ ನಕ್ಕು, ನಿನ್ನ ತಪ್ಪು ಮುಚ್ಚಿಕೊಳ್ಳಲು ಈಗ ಹೀಗೆ ಹೇಳುತ್ತಿದ್ದೀಯ, ಹೋಗಲಿ ಬಿಡು ಎಂದು ಬಸ್ಸಿಗೆ ಹತ್ತಿಸಿ ಕಳಿಸಿದನಂತೆ. ಅಮ್ಮನನ್ನು ಕೇಳಿದ್ದನ್ನು ಹೇಳಿದೆಯಾ ಎಂದು ಕೇಳಿದೆ. ಕೊಂಡಪ್ಪ ತಲೆ ಅಲ್ಲಾಡಿಸಿದ. ಆ ಮಾತನ್ನು ಮಗನ ಮುಖಕ್ಕೆ ಹೇಳಲು ಅವನಿಂದ ಆಗಲಿಲ್ಲ.

“ವಯಸ್ಸಾದ್ ಎತ್ತು ನೊಗ ಕಂಡ್ರೆ ತಾನೇ ಬಂದು ಕತ್ತು ಕೊಡ್ತದೆ,” ಎಂದ. “ಅದಕ್ಕೇನ್ ಗೊತ್ತು. ಬಿಚ್ಚೋನು ಬಿಚ್ಬೇಕು.”

ಯುಗಾದಿ ಕಳೆದ ಭಾನುವಾರ ಮುನೀಂದ್ರ ಸಮುದಾಯ ಭವನದಲ್ಲಿ ಪಂದ್ಯ ಘೋಷಿಸುವ ಸಭೆ ಕರೆದ. ವೇದಿಕೆಯ ಮೇಲೆ ನರೇಶ, ಮಂಜೇಶ್, ಊರಿನ ನಾಲ್ಕು ಜನ ದೊಡ್ಡವರು. ಹಿಂದೆ ದೊಡ್ಡ ಫ್ಲೆಕ್ಸ್. ಕೊಂಡಪ್ಪನನ್ನೂ ಮೇಲೆ ಕರೆದರು. ಎಲ್ಲರಿಗೂ ಶಾಲು ಹಾರ ಆದ ಮೇಲೆ ಮುನೀಂದ್ರ, ಟವಲ್ ಕೊಂಡಪ್ಪನವರಿಗೆ ಶಾಲು ಸಾಲದು ಎಂದು ಹೇಳಿ, ಮಡಿಸಿದ ಕೆಂಪು ಟವಲೊಂದನ್ನು ತೆಗೆದು ಅವನ ಹೆಗಲಿಗೆ ಹಾಕಿದ. ಈ ಸಲ ಇದು ಇಲ್ಲೇ ಇರಲಿ ಯಜಮಾನರೇ ಎಂದ. ಸಭೆ ಬಿದ್ದು ಬಿದ್ದು ನಕ್ಕಿತು. ನರೇಶನೂ ನಗುತ್ತಿದ್ದ. ಎರಡು ಮಾತಾಡಿ ಎಂದು ಮೈಕ್ ಕೈಗೆ ಕೊಟ್ಟರು.

ಕೊಂಡಪ್ಪ ಟವಲನ್ನು ಹೆಗಲಿನಿಂದ ತೆಗೆದು, ಅಂದವಾಗಿ ಮಡಿಸಿ, ಮೇಜಿನ ಮೇಲಿಟ್ಟ.

“ಅವತ್ತು ನಾನು ಗೊತ್ತಿದ್ದೇ ಎಸೆದಿದ್ದು. ಒಳಕ್ ಬಿದ್ರೆ ಆಟ ಮುಗೀತು ಅಂತ ಮುನೀಂದ್ರ ಬೆಳಗ್ಗೇನೇ ಹೇಳ್ಕೊಟ್ಟಿದ್ದ. ನನ್ ಮಗ ಸೋತಿದ್ದ. ನಂಗ್ ನೋಡಕ್ಕಾಗ್ನಿಲ್ಲ, ಎಸೆದೆ. ಈ ಸಲಾನೂ ಸೋಲ್ತಾನೆ. ಅವ್ನು ಚಾಂಪಿಯನ್ ಆಗಿದ್ದ, ಈಗಲ್ಲ.”

ನಗು ಒಮ್ಮೆಲೇ ನಿಂತಿತು. ಎಲ್ಲರೂ ಮುನೀಂದ್ರನನ್ನು ನೋಡಿದರು. ಮುನೀಂದ್ರ ಫ್ಲೆಕ್ಸಿನ ಹಗ್ಗ ಸರಿಮಾಡುವವನಂತೆ ಆ ಕಡೆ ತಿರುಗಿದ. ಅಷ್ಟು ತಿಂಗಳು ತಾನೇ ಹೇಳಿಕೊಟ್ಟ ಪಾಠವನ್ನು ನುಂಗಿಕೊಂಡು, ಅಮಾಯಕನೊಬ್ಬನನ್ನು ತಮಾಷೆ ಮಾಡಿದವನು ಇನ್ನೆಲ್ಲಿ ನೋಡಿಯಾನು? ನರೇಶ ಎದ್ದು ನಿಂತ. ಮುಖ ಕೆಂಪಾಗಿತ್ತು.

“ನಿಂಗೇನಪ್ಪ ಗೊತ್ತು ಬಾಕ್ಸಿಂಗು?”

“ಬಾಕ್ಸಿಂಗ್ ಗೊತ್ತಿಲ್ಲ ಕಣ್ಲಾ. ನೀನ್ ಗೊತ್ತು.”

ನರೇಶ ಹಾರ ಕಿತ್ತು ಕುರ್ಚಿಯ ಮೇಲೆ ಎಸೆದು ಹೊರಟುಹೋದ. ಸ್ವಂತ ಅಪ್ಪನೇ ಬೇಡ ಎನ್ನುವಾಗ ನಾವು ಆಡುವುದಿಲ್ಲ ಎಂದು ಮಂಜೇಶನ ಕಡೆಯವರು ಅಲ್ಲೇ ಹೇಳಿದರು. ಫ್ಲೆಕ್ಸ್ ಇಳಿಯಿತು. ಪಂದ್ಯ ನಿಂತಿತು, ಕೊಂಡಪ್ಪನಿಗೆ ಬೇಕಾದದ್ದು ಆಯಿತು. ಆದರೆ ಊರು ಅವನನ್ನು ನೋಡುವ ಬಗೆ ಬೇರೆಯಾಯಿತು. ಮೊದಲು ನಗುತ್ತಿದ್ದರು, ಈಗ ಬೈಯುತ್ತಿದ್ದರು. ಮಗನ ಮರ್ಯಾದೆಯನ್ನು ನಾಲ್ಕು ಜನರ ಮುಂದೆ ಹರಾಜು ಹಾಕಿದವನು ಎಂದರು. ಜೀವಮಾನವಿಡೀ ನಾಲ್ಕು ಜನರ ಮುಂದೆ ಬೆಲೆ ಹೇಳದೆ ವ್ಯಾಪಾರ ಮಾಡಿದ ಮನುಷ್ಯನಿಗೆ ಆ ಮಾತು ಎಷ್ಟು ನಾಟಿತು ಎಂದು ನಾನು ಬಲ್ಲೆ. ಅವನು ಸಾಲಿನಲ್ಲಿ ಕಡೆಯವನಾಗಿ ಬರತೊಡಗಿದ, ಎಲ್ಲರೂ ಹೋದ ಮೇಲೆ.

ನರೇಶ ಊರಿನ ಕಡೆ ತಲೆ ಹಾಕಲಿಲ್ಲ. ಅಪ್ಪ ಫೋನ್ ಮಾಡಿದರೆ ರಂಜಿತ ಎತ್ತುತ್ತಿದ್ದಳು, ಚೆನ್ನಾಗಿದ್ದಾರೆ ಮಾವ ಎನ್ನುತ್ತಿದ್ದಳು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದ್ದಾರೆ, ತಲೆಗೆ ಇನ್ನೊಂದು ಏಟೂ ಬೀಳಬಾರದು ಎಂದಿದ್ದಾರೆ ಎಂದು ಒಮ್ಮೆ ಹೇಳಿದಳಂತೆ. ಅದನ್ನು ನನಗೆ ತಿಳಿಸುವಾಗ ಕೊಂಡಪ್ಪ, ಸರಿಯಾಗಿ ಮಾಡಿದೆನಲ್ಲ ಎಂಬ ಸಮಾಧಾನದಲ್ಲಿರಬಹುದು ಎಂದುಕೊಂಡೆ. ಅದೇನೂ ಇರಲಿಲ್ಲ. ಇನ್ನೂ ಮೊದಲೇ ಎಸೆಯಬೇಕಾಗಿತ್ತು, ಅವನು ಗೆಲ್ಲುವಾಗ ನಾನೂ ಕೂತು ಚಪ್ಪಾಳೆ ತಟ್ಟಿದೆ ಎಂದ.

ಮಹಾಲಯ ಅಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ, ಎಷ್ಟೇ ಮುನಿಸಿದ್ದರೂ ಮಕ್ಕಳು ಮನೆಗೆ ಬರಲೇಬೇಕು. ನರೇಶ, ರಂಜಿತ ಇಬ್ಬರೂ ಬಂದರು. ಪಕ್ಕದ ಮನೆಯವನೆಂದು ನನ್ನನ್ನೂ ಊಟಕ್ಕೆ ಕರೆದಿದ್ದರು. ಪಾಪಮ್ಮನ ಫೋಟೋದ ಮುಂದೆ ಹೊಸ ಸೀರೆ, ಬಾಳೆಲೆಯ ಮೇಲೆ ಅವಳಿಗೆ ಇಷ್ಟವಾದದ್ದೆಲ್ಲ. ಬೇಯಿಸಿದ ಮೊಟ್ಟೆಯನ್ನು ನರೇಶ ತಾನೇ ಸುಲಿದು ಇಟ್ಟ. ಬೆರಳು ನಡುಗುತ್ತಿತ್ತು. ಎಡೆ ಇಟ್ಟ ಮೇಲೆ ಪದ್ಧತಿಯಂತೆ ಕೋಣೆಯ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಜಗಲಿಯಲ್ಲಿ ಕೂತೆವು, ಹಿರಿಯರು ಬಂದು ಉಣ್ಣಲಿ ಎಂದು. ಅಪ್ಪ ಮಗ ಅಷ್ಟು ಹೊತ್ತಾದರೂ ಒಂದು ಮಾತೂ ಆಡಿರಲಿಲ್ಲ.

ನರೇಶ ನೆಲ ನೋಡುತ್ತ ಕೇಳಿದ.

“ಅಪ್ಪ, ಅವತ್ತು ಸ್ಟೂಲ್ ಮೇಲೆ ನಾನ್ ನಿನ್ನ ಏನ್ ಕೇಳ್ದೆ?”

ಕೊಂಡಪ್ಪ ನನ್ನ ಕಡೆ ಒಮ್ಮೆ ನೋಡಿದ. ಬೇಡ ಎನ್ನುವಂಥ ನೋಟ.

“ನೀರ್ ಕೇಳ್ದೆ.”

ಒಳಗೆ ಅಮ್ಮನ ಎಡೆಯ ಮುಂದಿನ ಊದುಬತ್ತಿಯ ವಾಸನೆ ಬಾಗಿಲ ಸಂದಿಯಿಂದ ಬರುತ್ತಿತ್ತು.

“ನೀರಲ್ಲ,” ಎಂದ ನರೇಶ. “ಕೇಳ್ತಿದ್ದಂಗೇ ನಿನ್ ಮುಖ ನೋಡ್ದೆ. ಆವಾಗ್ಲೇ ನಂಗ್ ಗೊತ್ತಾಗೋಯ್ತು. ನೀನ್ ಯಾಕೆ ಎಸೆದೆ ಅಂತ ಗೊತ್ತಿದ್ದೇ ಮೈಕ್ ಇಸ್ಕೊಂಡೆ ಕಣಪ್ಪ.”

ರಂಜಿತ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಟವಲ್ ಬಿದ್ದಾಗ ಅವನಿಗೆ ಮೊದಲು ಆದದ್ದು ಸಮಾಧಾನವಂತೆ, ಸದ್ಯ ಮುಗಿಯಿತಲ್ಲ ಎಂದು. ಆಮೇಲೆ ಜನ ಕಂಡರು. ಜನ ಕಂಡ ಕೂಡಲೇ ಬಾಯಿಗೆ ಬಂದದ್ದು ಅಪ್ಪನ ಹೆಸರು. ಇಷ್ಟನ್ನು ಅವನು ತಡವರಿಸುತ್ತ, ನಡುನಡುವೆ ಮಾತು ಮರೆತು ಮತ್ತೆ ಹಿಡಿಯುತ್ತ ಹೇಳಿ ಮುಗಿಸಿದ. ಕೊಂಡಪ್ಪ ಮಗನ ಬೆನ್ನ ಮೇಲೆ ಕೈ ಇಡುತ್ತಾನೇನೋ ಎಂದು ನೋಡಿದೆ. ಇಡಲಿಲ್ಲ. ಮಗನಿಗಿಂತ ಹೆಚ್ಚು ನಾಚಿಕೊಂಡವನು ಅವನೇ, ಬಾರದ ಕಡೆ ಬಂದವನಂತೆ ಮುದುಡಿ ಕೂತಿದ್ದ.

“ಹೋಗ್ಲಿ ಬಿಡು,” ಎಂದ. “ಟವಲ್ ಅಡಿ ಮಾತು. ಅಲ್ಲೇ ಇರ್ಲಿ.”

ಮರುದಿನ ಬೆಳಗ್ಗೆ ಡೈರಿಯ ಸಾಲು ಇನ್ನೂ ಉದ್ದವಿರುವಾಗಲೇ ಕೊಂಡಪ್ಪ ಬಂದ. ಕ್ಯಾನು ಹೊತ್ತವನು ನರೇಶ, ಅಪ್ಪ ಹಿಂದೆ ಹಿಂದೆ ಬೇಡ ಬೇಡ ಎನ್ನುತ್ತ ಬರುತ್ತಿದ್ದ. ಚಾಂಪಿಯನ್ನನನ್ನು ನೋಡಿ ಒಬ್ಬಿಬ್ಬರು ಬೀಡಿ ಹಿಂದಕ್ಕೆ ಹಿಡಿದರು. ಆದರೂ ಹಳೆಯ ಚಾಳಿ ಎಲ್ಲಿ ಬಿಡುತ್ತದೆ? ಮುಂದೆ ನಿಂತಿದ್ದ ವೆಂಕಟರಾಯಪ್ಪ, ಮಗನ ಪರವಾಗಿ ಮಾತಾಡಿದರೆ ಮಗನಿಗೆ ಹಿತ ಎಂದುಕೊಂಡು, ನಿಮ್ಮಪ್ಪ ಆವತ್ತು ಆ ಟವಲ್ ಎಸೆಯದೆ ಇದ್ದಿದ್ದರೆ ನಿನ್ನ ಯೋಗವೇ ಬೇರೆ ಇತ್ತು ಕಣಪ್ಪ ಎಂದು ಶುರುಮಾಡಿದ.

ನರೇಶ ಕ್ಯಾನು ಕೆಳಗಿಟ್ಟ.

“ನಮ್ಮಪ್ಪ ಎಸೀಲಿಲ್ಲ. ನಾನೇ ಎಸಿ ಅಂದೆ. ಆಗಲ್ಲ ಅಪ್ಪ, ಎಸೆದ್ಬುಡು ಅಂತ ನಾನೇ ಕೇಳ್ಕೊಂಡೆ.”

ಅದೂ ಸುಳ್ಳೇ, ನನಗೆ ಗೊತ್ತು, ಕೊಂಡಪ್ಪನಿಗೂ ಗೊತ್ತು. ವೆಂಕಟರಾಯಪ್ಪ ಸರಿದು ದಾರಿ ಬಿಟ್ಟ. ಒಬ್ಬೊಬ್ಬರಾಗಿ ಎಲ್ಲರೂ ಸರಿದರು. ನರೇಶ ಕ್ಯಾನನ್ನು ತಂದು ನನ್ನ ಮುಂದಿಟ್ಟ, ಹಾಲು ಸುರಿಯುವಾಗ ಕೈ ನಡುಗಿ ಸ್ವಲ್ಪ ಚೆಲ್ಲಿತು. ಬಾಗಿಲ ಬಳಿ ಕೊಂಡಪ್ಪ ನಿಂತಿದ್ದ. ಕಣ್ಣು ತುಂಬಿ ನೀರು ಕೆನ್ನೆಗಿಳಿದಿತ್ತು. ಅವನ ಬಲಗೈ ಎಡ ಹೆಗಲಿಗೆ ಹೋಯಿತು, ಈ ಸಲ ಅರ್ಧದಲ್ಲಿ ನಿಲ್ಲಲಿಲ್ಲ, ಹೆಗಲನ್ನೆಲ್ಲ ತಡವಿತು. ಅಲ್ಲಿ ಏನೂ ಇರಲಿಲ್ಲ.